ಸೊನ್ನೆಯ ಮೇಲೆ ನಿಂತ ನೀರು

ಹನ್ನೊಂದನೆಯ ತರಗತಿಯ ಮಗಳು ಕೆಮಿಸ್ಟ್ರಿ ಟೆಸ್ಟಿನಲ್ಲಿ ಫೇಲಾದಾಗ, ಕಾಮರ್ಸಿಗೆ ಬದಲಾಯಿಸುವ ಅರ್ಜಿಯನ್ನು ತಂದು ಊಟದ ಮೇಜಿನ ಮೇಲಿಟ್ಟವಳು ನಾನೇ. "ಮುಂದಿನ ಟೆಸ್ಟೂ ಹೋದ್ರ ಸೈನ್ ಹಾಕ್ತೇನಿ ನೋಡ" ಎಂದೆ. ಅವಳಿಗೆ ಸೈನ್ಸೇ ಬೇಕಿತ್ತು. ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮುಂಬೈನ ಮುಲುಂಡಿನಲ್ಲಿರುವ ನಮ್ಮ ಬಿಲ್ಡಿಂಗಿನ ಮರಾಠಿ ಮಂದಿ ಕಲಿತ ನಾಲ್ಕು ಕನ್ನಡ ಮಾತುಗಳೂ ನನ್ನ ಬೈಗುಳದಿಂದಲೇ ಕಲಿತವು.

ಅವಳು ಎಡವುತ್ತಿದ್ದುದು ಹೀಟಿಂಗ್ ಕರ್ವ್‌ನಲ್ಲಿ. ಐಸನ್ನು ಒಂದೇ ಸಮನೆ ಬಿಸಿ ಮಾಡುತ್ತ ಹೋದರೆ ಉಷ್ಣತೆ ಹೇಗೆ ಏರುತ್ತದೆಂದು ಗೆರೆ ಎಳೆದು ತೋರಿಸಬೇಕು. ಅವಳ ಗೆರೆ ಕೆಳಗಿನಿಂದ ಮೇಲಕ್ಕೆ ಒಂದೇ ಏರು. ಐಸು ಕರಗುವಾಗ ಒಮ್ಮೆ, ನೀರು ಕುದಿಯುವಾಗ ಇನ್ನೊಮ್ಮೆ ಗೆರೆ ಅಡ್ಡ ಮಲಗಬೇಕು ಎಂದು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ. "ಗ್ಯಾಸ್ ಆನ್ ಇದ್ರೆ ಟೆಂಪರೇಚರ್ ಬಢೇಗಾ ಹೀ ನಾ, ಮಮ್ಮಿ?"

ರವಿವಾರ ರೇಗಿಹೋಗಿ, ಪಾತ್ರೆಯ ತುಂಬ ಐಸು ಹಾಕಿ ಸಣ್ಣ ಉರಿಯ ಮೇಲಿಟ್ಟೆ. ಅಡುಗೆಯ ಥರ್ಮಾಮೀಟರನ್ನು ಅವಳ ಕೈಗೆ ಕೊಟ್ಟು, ಸೌಟಿನಿಂದ ತಿರುವುತ್ತ ನಿಂತೆ. ಐಸು ಕರಗತೊಡಗಿತು, ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಐದು ನಿಮಿಷವಾದರೂ ಅಲ್ಲೇ. "ಖರಾಬ್ ಹೋಗಯಾ" ಎಂದು ಅವಳು ಅದನ್ನು ಕೊಡವಿದಳು.

ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ಇಣುಕಿದರು. ವಿಜಾಪುರ ಕಡೆಯವರು, ಚಹಾ ತಡವಾದರೆ ಸಹಿಸರು. "ನೀರ ಇನ್ನಾ ಕುದೀಲಿಲ್ಲೇನ?"

"ಇಲ್ರೀ ಅತ್ತಿ, ಕಾಯಾಕ ಹತ್ಯಾವ."

ಮಗಳು ತಲೆಯೆತ್ತಿ ಕೇಳಿದಳು: "ಯಾರಿಗೆ?"

ನನಗೆ ಮೊದಲು ಅರ್ಥವಾಗಲಿಲ್ಲ. ಅವಳು ದಾದರಿನ ಕ್ಲಾಸಿನಿಂದ ಬರುವುದು ತಡವಾದ ದಿನವೆಲ್ಲ ಅತ್ತೆ "ನಿನ್ನ ಹಾದಿ ಕಾಯಾಕ ಹತ್ತಿದ್ದೆ" ಅನ್ನುತ್ತಾರೆ. ಕಾಯುವುದೆಂದರೆ ಅವಳ ಅರೆಬರೆ ಕನ್ನಡದಲ್ಲಿ ಅದೊಂದೇ. ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು. ಆಮೇಲೆ ಪಾತ್ರೆಯತ್ತ ನೋಡಿದೆ. ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು?

"ಉಳಿದ ಐಸಿಗೆ" ಎಂದೆ. "ಕಡೇ ಚೂರು ಕರಗೂ ತನಕಾ ಮುಂದ ಹೋಗೂದಿಲ್ಲ. ಬೆಂಕಿ ಎಲ್ಲಾ ಅದನ್ನ ಕರಗಸಾಕ ಹೊಕ್ಕೈತಿ."

ಅವಳು ಥರ್ಮಾಮೀಟರನ್ನು ಮತ್ತೆ ಪಾತ್ರೆಗಿಟ್ಟಳು. ಕೊನೆಯ ಚೂರು ಮಾಯವಾಗಿ ಮುಳ್ಳು ಮೆಲ್ಲಗೆ ಮೇಲೇರಿದಾಗ "ಅರೇ!" ಎಂದು ಕಿರುಚಿದಳು. ಅವಳ ಮುಖ ನೋಡಿ ನನಗೆ ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಂಡೆ ಕೂಡ, ಸೌಟು ಹಿಡಿದುಕೊಂಡೇ.

ಶುಕ್ರವಾರ ಟೆಸ್ಟಿನ ಪೇಪರು ಬಂತು. ಕರ್ವ್‌ಗೆ ಪೂರ್ತಿ ಅಂಕ, ಎರಡೂ ಅಡ್ಡಗೆರೆ ಸ್ಕೇಲಿಟ್ಟು ಎಳೆದಿದ್ದಳು. ಉಳಿದ ಲೆಕ್ಕಗಳಲ್ಲಿ ಹೆಚ್ಚಿನವು ತಪ್ಪು. ಎರಡು ಅಂಕಕ್ಕೆ ಮತ್ತೆ ಫೇಲು.

ಆಡಿದ ಮಾತು ನೆನಪಿತ್ತು. ಅರ್ಜಿ ಎಳೆದುಕೊಂಡು ಪೆನ್ನು ತೆಗೆದೆ. ಅವಳು ಎದುರಿಗೆ ಕೂತು, ಹಿಂದಿ ಬೆರೆಸದೆ, ಒಂದೊಂದೇ ಪದ ಹುಡುಕಿ ಹೇಳಿದಳು:

"ಮಮ್ಮಿ, ನನ್ನೊಳಗ ಇನ್ನಾ ಸ್ವಲ್ಪ ಐಸ್ ಐತಿ."

ಪೆನ್ನಿಗೆ ಕ್ಯಾಪು ಹಾಕಿದೆ.