ಮೂರು ಚಮಚ ತಿಳಿಸಾರು

ನೋವಿನ ಚುಚ್ಚುಮದ್ದು ಮೈಗೇರಿದಾಗ ಆಸ್ಪತ್ರೆಯ ಕೋಣೆ ಮೆಲ್ಲಗೆ ತೇಲುತ್ತಿತ್ತು. ಕಿಟಕಿಯಾಚೆಯ ಜಕರಂಡಾ ಮರ ಒಳಗೆ ಬಂದು ಹಾಸಿಗೆಯ ಪಕ್ಕ ಕೂತು, ಮತ್ತೆ ಹೊರಗೆ ಹೋಗುತ್ತಿತ್ತು. ಪಿತ್ತಕೋಶದ ಒಂದು ಸಣ್ಣ ಕಲ್ಲು ಜಾರಿ ನಾಳಕ್ಕೆ ಅಡ್ಡವಾಗಿ, ನನ್ನ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತಂತೆ. ಊರ ಮಕ್ಕಳಿಗೆಲ್ಲ ಜೀರ್ಣಾಂಗದ ಚಿತ್ರ ಬರೆಸುವ ಮೇಷ್ಟ್ರು ನಾನು, ಎರಡು ದಿನ ಅದನ್ನು ಗ್ಯಾಸ್ ಎಂದುಕೊಂಡು ಓಮದ ಕಷಾಯ ಕುಡಿದಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ವಾಂತಿ, ನೋವು ಇಳಿಯುವ ತನಕ ಬಾಯಿಗೆ ನೀರೂ ಕೂಡದು ಎಂದಿದ್ದರು ಡಾಕ್ಟರು. ಕೈಗೆ ಡ್ರಿಪ್ ಮಾತ್ರ. ಸಿಸ್ಟರ್ ಆಗಾಗ ಬಂದು ಒಣಗಿದ ತುಟಿಯನ್ನು ಒದ್ದೆ ಹತ್ತಿಯಿಂದ ಒರೆಸಿ ಹೋಗುತ್ತಿದ್ದರು. ನನಗೇನೋ ಹಸಿವೇ ಇರಲಿಲ್ಲ. ಕಷ್ಟವಿದ್ದದ್ದು ಹೆಂಡತಿಗೆ. ಗಂಡ ಉಣ್ಣದೆ ತಾನು ಉಣ್ಣಬಾರದೆಂಬ ತವರಿನ ಪಾಠ ಅವಳ ಜೊತೆ ಕಡಲು ದಾಟಿ, ಈ ಪರದೇಶದ ಸೌತ್ ಸಿ ಬಡಾವಣೆಯ ಫ್ಲಾಟಿಗೂ ಬಂದಿತ್ತು. ಎಷ್ಟು ಗೇಲಿ ಮಾಡಿದರೂ ಬಿಟ್ಟಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಫ್ಲಾಸ್ಕಿನ ಮುಚ್ಚಳ ತೆಗೆಯುವಾಗ ಅವಳ ಕೈ ನಡುಗುತ್ತಿತ್ತು. ಅವಳು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವಳು.

"ಊಟ ಮಾಡಿದ್ಯಾ?"

"ಮೂರು ದಿನದಿಂದ ಕಾಫಿ ಕುಡೀತಿದ್ದೀನಲ್ಲ, ಸಾಕು. ಮೊದ್ಲು ನಿಮ್ಮ ಬಾಯಿಗೆ ಏನಾದ್ರೂ ಬೀಳ್ಲಿ. ಬರೀ ತಿಳಿಸಾರು ರೀ, ಇದೇನ್ ಮಾಡತ್ತೆ?"

ಇವಳೆಲ್ಲಿ ಕುಸಿದು ಬೀಳುತ್ತಾಳೋ ಎಂದು ನಿಜಕ್ಕೂ ಹೆದರಿದೆ. ಅವಳು ಉಣ್ಣಲಿ ಎಂದೇ ಮೂರು ಚಮಚ ಕುಡಿದೆ. ಮೆಣಸು, ಇಂಗಿನ ಘಮದಲ್ಲಿ ಕೋಣೆ ಇನ್ನೊಮ್ಮೆ ತೇಲಿತು. "ಆಯ್ತಲ್ಲ, ಈಗ ಕ್ಯಾಂಟೀನಿಗೆ ಹೋಗು" ಎನ್ನುವಷ್ಟರಲ್ಲಿ ವಾಂತಿಯಾಯಿತು. ಹೊಟ್ಟೆಯ ನೋವು ಬೆನ್ನಿನ ತನಕ ತಿರುಗಿ ಬಂತು.

ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿದರು. ಕಾಯಿಲೆ ಬಿಗಡಾಯಿಸಿರಬಹುದು, ಐಸಿಯುಗೆ ಕಳಿಸಬೇಕಾಗಬಹುದು ಎಂದರು. ಏನಾದರೂ ತಿಂದಿರಾ, ಕುಡಿದಿರಾ ಎಂದು ಕೇಳಿದರು. ಹೆಂಡತಿಯನ್ನು ಸಿಕ್ಕಿಹಾಕಿಸಲು ಮನಸ್ಸಾಗದೆ ಇಲ್ಲವೆಂದು ತಲೆಯಾಡಿಸಿದೆ. ಅವಳೇ ಫ್ಲಾಸ್ಕನ್ನು ಮೇಜಿನ ಮೇಲಿಟ್ಟು, ನಾನೇ ಕುಡಿಸಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ತಾನು ಉಂಡಿಲ್ಲವೆಂಬುದನ್ನೂ ಹೇಳಿದಳು. ಡಾಕ್ಟರು ಬಯ್ಯಲಿಲ್ಲ. ರಕ್ತ ಪರೀಕ್ಷೆ ಬರೆದು, ಸಂಜೆಯವರೆಗೆ ಕಾದು ನೋಡೋಣ ಎಂದರು.

ಸಿಸ್ಟರ್ ಮಾತ್ರ "ಪೋಲೆ, ಮಾಮಾ" ಎಂದು, ಅಯ್ಯೋ ಪಾಪ ಅಮ್ಮಾ ಎನ್ನುವ ಇಲ್ಲಿನ ಮಾತಿನಲ್ಲಿ ಮರುಗುತ್ತಲೇ ಅವಳ ಬೆರಳು ಚುಚ್ಚಿದರು. ಸಕ್ಕರೆ ಇಳಿದುಹೋಗಿತ್ತು. ಮೊದಲು ಜ್ಯೂಸ್ ಕುಡಿಸಿ, ಆಮೇಲೆ ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ಸೊಪ್ಪಿನ ಪಲ್ಯದ ತಟ್ಟೆ ತಂದು ಮಡಿಲಲ್ಲಿಟ್ಟರು. ಇಲ್ಲೇ, ತನ್ನ ಕಣ್ಣೆದುರಿಗೇ ತಿನ್ನಬೇಕು ಎಂದು ನಿಂತರು.

ಹೆಂಡತಿ ನನ್ನ ಮುಖ ನೋಡಿದಳು. "ತಿನ್ನೇ" ಎಂದೆ. ಅವಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ನನಗೆ ಬೆನ್ನು ಹಾಕಿ ಕೂತಳು.

"ಈ ಕಡೆ ತಿರುಗು" ಎಂದೆ.

ತಿರುಗಿದಳು. ಉಗಾಲಿಯನ್ನು ಮುದ್ದೆಯ ಹಾಗೆ ಮುರಿದು ತಿನ್ನತೊಡಗಿದಳು. ಮದುವೆಯಾಗಿ ಇಪ್ಪತ್ತಾರು ವರ್ಷ. ಅವಳು ಇಷ್ಟು ದೊಡ್ಡ ದೊಡ್ಡ ತುತ್ತು ತಿನ್ನುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ.