ದಿಯೊಲಿಂಡಾಳ ಎರಡು ಅಡುಗೆಮನೆ

ದಿಯೊಲಿಂಡಾ ಅರೂಡಾಳಿಗೆ ಎರಡು ಅಡುಗೆಮನೆ. ಒಂದು ಮೇಲೆ, ಇನ್ನೊಂದು ನೆಲಮಾಳಿಗೆಯಲ್ಲಿ. ಮೇಲಿನದರಲ್ಲಿ ಬಿಳಿಯ ದೊಡ್ಡ ಒಲೆ, ಅತ್ತೆ ಹೆಣೆದ ಮೇಜುಬಟ್ಟೆ, ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚದ ಆರು ಕುರ್ಚಿ. ಅಲ್ಲಿ ಇಪ್ಪತ್ತಾರು ವರ್ಷಗಳಿಂದ ಒಂದು ಮೊಟ್ಟೆಯೂ ಬೆಂದಿಲ್ಲ. ಬೇಯುವುದು, ಹುರಿಯುವುದು, ತಿನ್ನುವುದು, ಜಗಳವಾಡುವುದು, ಅಳುವುದು ಎಲ್ಲ ಕೆಳಗೆ. ಮೇಲಿನದು ಪಾದ್ರಿ ಬಂದಾಗ, ಬೀಗರು ಬಂದಾಗ, ಇಗರ್ಜಿಯ ಹಬ್ಬಕ್ಕೆ ಚೀಟಿ ಎತ್ತಿ, ಮನೆಮನೆ ಸುತ್ತುವ ಪವಿತ್ರಾತ್ಮನ ಕಿರೀಟ ಇವರ ಮನೆಗೆ ಬಂದ ವಾರದಲ್ಲಿ. ಫಾಲ್ ರಿವರ್‌ ಊರಿನ ಆ ಬೀದಿಯಲ್ಲಿ, ಕಡಲಾಚೆಯ ಅಸೋರ್ಸ್ ದ್ವೀಪದಿಂದ ಬಂದವರ ಮನೆಗಳೆಲ್ಲ ಹೀಗೇ. ಇದರಲ್ಲಿ ವಿಚಿತ್ರವೇನೂ ಅಲ್ಲಿನವರಿಗೆ ಕಂಡಿಲ್ಲ.

ಹತ್ತೊಂಬತ್ತರ ಪ್ರಾಯದಲ್ಲಿ ದ್ವೀಪ ಬಿಟ್ಟು ಬಂದವಳು ಅವಳು. ಪರದೆ ಹೊಲಿಯುವ ಗಿರಣಿಯಲ್ಲಿ ಮೂವತ್ತೊಂದು ವರ್ಷ ಹೊಲಿದಳು. ಗಂಡ ಎರ್ಮೀನಿಯೊ ಹಡಗುಕಟ್ಟೆಯಲ್ಲಿ ಹಡಗುಗಳಿಗೆ ಬಣ್ಣ ಬಳಿಯುತ್ತಿದ್ದ. ಕೊಂಡ ಮನೆ ನೂರು ವರ್ಷದ್ದು, ಮರದ್ದು. ಕಟ್ಟೆ ಮುಚ್ಚಿದಾಗ ಕೊಟ್ಟ ದುಡ್ಡಿನಲ್ಲಿ ಮೇಲಿನ ಕಿಟಕಿ, ಬಾಗಿಲು, ಗೋಡೆ, ಒಲೆ ಎಲ್ಲವನ್ನೂ ಹೊಸದು ಮಾಡಿಸಿದ. ಆಮೇಲೆ ಇಬ್ಬರೂ ಆ ಹೊಸ ಅಡುಗೆಮನೆಯ ಬಾಗಿಲು ಹಾಕಿಕೊಂಡು ಮೆಟ್ಟಿಲಿಳಿದು ಕೆಳಗೆ ಹೋಗಿ ಊಟ ಮಾಡಿದರು. ಅವನು ತೀರಿಕೊಂಡು ಏಳು ವರ್ಷವಾಯಿತು.

ಈಗ ಅವಳ ಜೀವವೆಂದರೆ ಮೊಮ್ಮಗ ಬ್ರೈಸ್. ಮೂರು ವರ್ಷದವನು. ಮಗಳು ನಟಾಲಿಯಾ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹೋಗುವಾಗ ಬೆಳಿಗ್ಗೆ ಬಿಟ್ಟರೆ ಸಂಜೆಯವರೆಗೂ ಅಜ್ಜಿಯ ಹತ್ತಿರ, ಅಂದರೆ ನೆಲಮಾಳಿಗೆಯಲ್ಲಿ. ಅಜ್ಜಿ ಧೂಳು ಹೊಡೆಯಲು ಮೇಲೆ ಹೋದರೆ ಅವನು ಹೊಸ್ತಿಲಾಚೆ ನಿಂತು, "ಯಾರ್ ಬರ್ತಾರೆ ವವೋ?" ಎಂದು ಕೇಳುತ್ತಿದ್ದ. ಅಜ್ಜಿ ಅವನ ಬಾಯಲ್ಲಿ ವವೋ. ಮೇಲಿನ ಬಾಗಿಲು ತೆರೆದರೆ ಯಾರೋ ಬರುತ್ತಾರೆಂದು ಅವನಿಗೂ ಗೊತ್ತು. ಒಳಗೆ ಕಾಲಿಡಬಾರದೆಂದೂ ಗೊತ್ತು.

ಅಕ್ಟೋಬರಿನಲ್ಲಿ ಮಗುವಿನ ರಕ್ತದಲ್ಲಿ ಸೀಸ ಇದೆಯೆಂದು ಡಾಕ್ಟರು ಹೇಳಿದರು. ಹಳೆಯ ಬಣ್ಣದಿಂದ ಬರುತ್ತದಂತೆ, ಇದ್ದರೆ ಬುದ್ಧಿ ಬೆಳವಣಿಗೆಗೆ ಪೆಟ್ಟಂತೆ.

"ನನ್ ಬಾಡಿಗೆ ಮನೆ ಹೊಸದಮ್ಮ, ಪರೀಕ್ಷೆ ಆಗಿದೆ," ಎಂದಳು ನಟಾಲಿಯಾ. "ಇನ್ನುಳಿದಿದ್ದು ನಿನ್ ಮನೆ."

"ನನ್ ಮನೇಲಾ? ನೆಲ ನೆಕ್ಕೋ ಹಾಗಿದೆ ನನ್ ಮನೆ!"

"ಅದೇ ಭಯ ನನಗೆ. ಅವನು ನೆಕ್ತಾನೆ."

ಮಗು ಬರುವುದು ನಿಂತುಹೋಯಿತು. ದಿಯೊಲಿಂಡಾಳಿಗೆ ತಲೆಬುಡ ತಿಳಿಯಲಿಲ್ಲ. ನಾಲ್ಕು ಮಕ್ಕಳು ಇದೇ ಮನೆಯಲ್ಲಿ ಬೆಳೆದಿದ್ದವು. ಅವಕ್ಕೆಲ್ಲ ಏನೂ ಆಗಿಲ್ಲವೋ, ಆಗಿದ್ದು ತನಗೆ ತಿಳಿಯಲಿಲ್ಲವೋ? ಎರಡನೆಯವನು ಲೆಕ್ಕದಲ್ಲಿ ದಡ್ಡನಾಗಿದ್ದ. ಅದು ಸೀಸವೋ, ಅವರಪ್ಪನ ಕಡೆಯ ರಕ್ತವೋ? ಕಾಣದ, ವಾಸನೆಯಿಲ್ಲದ ಕೊಳೆಯನ್ನು ಹೇಗೆ ತೊಳೆಯುವುದು? ಎರಡು ವಾರ ಅವಳು ಸಿಕ್ಕಸಿಕ್ಕದ್ದನ್ನೆಲ್ಲ ತಿಕ್ಕಿ ಕೈಗೆ ಬೊಬ್ಬೆ ಬರಿಸಿಕೊಂಡಳು.

ಸುದ್ದಿ ತಂದವಳು ನಾದಿನಿ ಜುಲ್ಮೀರಾ.

"ಅತ್ತಿಗೆ, ಹಳೇ ಬಣ್ಣ ತೆಗ್ಸೋಕೆ ಸಿಟಿಯೋರೇ ಮನೆ ಮಾಲೀಕರಿಗೆ ದುಡ್ಡು ಕೊಡ್ತಾರಂತೆ."

"ಯಾಕೆ, ಅವರಪ್ಪನ ಮನೆ ಗಂಟಾ?"

"ಏನೋಪ್ಪ. ಫಾರಂ ತುಂಬಿದ್ರೆ ಮನೆ ನೋಡೋಕೆ ಬರ್ತಾರೆ. ಬಣ್ಣ ಸಿಕ್ಕಿದ್ರೆ ಅವರೇ ಕೆಲಸದೋರನ್ನ ಕಳಿಸ್ತಾರೆ. ಆದ್ರೆ ಕೆಳಗಡೆ ಮಾತ್ರ ತೋರಿಸ್ಬೇಡ. ಬೊಟೆಲ್ಯೊ ಹೆಂಡತಿ ಕಥೆ ನೆನಪಿದೆ ತಾನೆ?"

ಆ ಕಥೆ ಬೀದಿಗೆಲ್ಲ ಗೊತ್ತು. ಬಾಯ್ಲರ್ ನೋಡಲು ಬಂದವನು ನೆಲಮಾಳಿಗೆಯಲ್ಲಿ ಪರವಾನಗಿಯಿಲ್ಲದ ಒಲೆ ಕಂಡು ಗ್ಯಾಸಿನ ಕೊಳವೆಯನ್ನೇ ಕಟ್ ಮಾಡಿಸಿದ್ದ. ಬೊಟೆಲ್ಯೊ ಹೆಂಡತಿ ಈಗ ಮೇಲೆ ಅಡುಗೆ ಮಾಡುತ್ತಾಳೆ, ಕಳ್ಳಿಯ ಹಾಗೆ, ಒಗ್ಗರಣೆಗೂ ಹೆದರಿಕೊಂಡು.

ದಿಯೊಲಿಂಡಾಳ ಕೆಳಗಿನ ಒಲೆಗೂ ಪರವಾನಗಿ ಇರಲಿಲ್ಲ. ಆದರೂ ಅವಳು ಫಾರಂ ತುಂಬಿದಳು. ಸಿಟಿಯಿಂದ ಬಂದದ್ದು ಬೋಫಾ ಎಂಬ ಹುಡುಗಿ, ಕಾಂಬೋಡಿಯಾದವರ ಮಗಳು. ಕೈಯಲ್ಲಿ ಕೂದಲು ಒಣಗಿಸುವ ಯಂತ್ರದಂಥದ್ದು. ಅದನ್ನು ಗೋಡೆಗಿಟ್ಟು ಒತ್ತುವಳು, ಅಂಕಿ ನೋಡುವಳು, ಬರೆದುಕೊಳ್ಳುವಳು. ಮೇಲೆ ಎಲ್ಲೂ ಸೀಸ ಇಲ್ಲ.

"ಮಗು ಎಲ್ಲಿ ಆಡುತ್ತೆ ಅಮ್ಮಾ?"

"ಇಲ್ಲೇ."

ಬೋಫಾ ಪ್ಲಾಸ್ಟಿಕ್ ಬಿಚ್ಚದ ಕುರ್ಚಿಗಳನ್ನು ನೋಡಿದಳು. "ಅಡುಗೆ?"

"ಇಲ್ಲೇ. ದಿನಾ." ಒಲೆಯ ಬಾಗಿಲಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನೆಲದ ಹಲಗೆಗಳ ಸಂದಿಯಿಂದ ಬೆಳ್ಳುಳ್ಳಿ, ಶೊರಿಸ್ಸು ಎಂಬ ಹಂದಿಮಾಂಸದ ಸಾಸೇಜು ಹಾಕಿದ ಕೇಲ್ ಸೊಪ್ಪಿನ ಸಾರು ಘಮಘಮ ಅನ್ನುತ್ತಿತ್ತು.

"ಚೆನ್ನಾಗಿದೆ ವಾಸನೆ," ಎಂದಳು ಬೋಫಾ. "ಕೆಳಗೇನಿದೆ?"

"ಬಾಯ್ಲರು. ಬೀಗದ ಕೈ ಕಳೆದಿದೆ. ಮಗು ಅಲ್ಲಿಗೆ ಹೋಗಲ್ಲ."

ಬೋಫಾ ಅದನ್ನೇ ಬರೆದು, ಕೆಳಗೆ ಸಹಿ ಹಾಕಿಸಿಕೊಂಡಳು. ಬೀಗದ ಕೈ ದಿಯೊಲಿಂಡಾಳ ಏಪ್ರನ್ ಜೇಬಿನಲ್ಲೇ ಇತ್ತು.

ಪತ್ರ ಬಂತು: ಮಗು ಓಡಾಡುವ ಜಾಗದಲ್ಲಿ ಅಪಾಯವಿಲ್ಲ, ಆದ್ದರಿಂದ ನೆರವೂ ಇಲ್ಲ. ದಿಯೊಲಿಂಡಾ ಅದನ್ನು ಮೂರು ಸಲ ಓದಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆ ಕೆಟ್ಟಿದ್ದರೆ ದುಡ್ಡು, ಚೆನ್ನಾಗಿದ್ದರೆ ಮೊಮ್ಮಗ. ಕೊನೆಗೆ, ಸರ್ಕಾರದ ಯಂತ್ರವೇ ಹೇಳಿದ ಮೇಲೆ ಆ ಮಾತು ಕೆಳಗಿನ ಅಡುಗೆಮನೆಗೂ ಸಲ್ಲುತ್ತದೆ ಎಂದು ತನ್ನನ್ನು ತಾನೇ ನಂಬಿಸಿಕೊಂಡಳು. ಆಸೆಯಿದ್ದವರಿಗೆ ನಂಬಿಕೆ ಎಷ್ಟು ಬೇಗ ಬರುತ್ತದೆ!

ಕೆಳಗೆ ಪರೀಕ್ಷೆ ಆಗಿಲ್ಲವೆಂದು ತಿಳಿಯದ ನಟಾಲಿಯಾಳಿಗೂ ಗೊಂದಲವೇ. "ಹಾಗಾದ್ರೆ ಎಲ್ಲಿಂದ ಬಂತಮ್ಮ ಅದು?"

"ನನ್ನ ಕೇಳಿದ್ರೆ? ಪಾರ್ಕಿಂದ ಬಂದಿರಬೇಕು."

ಸೋಮವಾರ ಬ್ರೈಸ್ ಮತ್ತೆ ಬಂದ. ದಿಯೊಲಿಂಡಾ ಅವನನ್ನು ಮುದ್ದಾಡಿ, ಕೆಳಗೆ ಕರೆದುಕೊಂಡು ಹೋಗಿ, ಸಾರಿಗೆ ಸೊಪ್ಪು ಹೆಚ್ಚಲು ಕೂತಳು. ಅವನು ತನ್ನ ಎಂದಿನ ಜಾಗದಲ್ಲಿ, ನೆಲಮಾಳಿಗೆಯ ಮೂರನೇ ಮೆಟ್ಟಿಲ ಮೇಲೆ ಕೂತು ಲಾರಿ ಓಡಿಸುತ್ತಿದ್ದ. ಮನೆ ಕೊಂಡ ವರ್ಷ ಎರ್ಮೀನಿಯೊ ಕಟ್ಟೆಯಿಂದ ಮಿಕ್ಕ ಬೂದು ಬಣ್ಣ ತಂದು ಆ ಮೆಟ್ಟಿಲಿಗೂ ಪಕ್ಕದ ಮರದ ಕಟಕಟೆಗೂ ಬಳಿದಿದ್ದ. "ಸಮುದ್ರಕ್ಕೇ ಬಗ್ಗದ ಬಣ್ಣ ಕಣೇ ಇದು," ಎನ್ನುತ್ತಿದ್ದ.

ಲಾರಿಯ ಸದ್ದು ನಿಂತಿತೆಂದು ಅವಳು ತಿರುಗಿ ನೋಡಿದಳು. ಮಗು ಕಟಕಟೆಯ ಅಡ್ಡಪಟ್ಟಿಗೆ ಬಾಯಿಟ್ಟು, ಏನೋ ಯೋಚಿಸುತ್ತ ಮೆಲ್ಲಗೆ ಕಚ್ಚುತ್ತಿತ್ತು. ಅಲ್ಲಿ ಸಣ್ಣ ಹಲ್ಲಿನ ಗುರುತುಗಳ ಒಂದು ಸಾಲೇ ಇತ್ತು. ಅವು ಅವಳಿಗೆ ಹೊಸವಲ್ಲ. ಅವನಿಗೆ ಹಲ್ಲು ಬರುವಾಗ ಜುಲ್ಮೀರಾಳಿಗೆ ತೋರಿಸಿ, "ನೋಡೇ, ನನ್ನ ಇಲಿಮರಿ," ಎಂದು ನಕ್ಕಿದ್ದಳು.

ಚಾಕು ಕೈಜಾರಿತು. ಅವಳಿಗೆ ಎಲ್ಲ ಒಟ್ಟಿಗೆ ತಿಳಿಯಿತು, ತಡೆಯಲಾರದಷ್ಟು ನೋವಾಯಿತು. ಮಗುವನ್ನು ಬಾಚಿಕೊಂಡು, ಬಾಯಿ ತೊಳೆಸಿ, ಮೇಲೆ ಓಡಿದಳು. ಅಡುಗೆಮನೆಯ ಹೊಸ್ತಿಲಲ್ಲಿ ಇಳಿಸಿದರೆ ಅವನು ಒಳಗೆ ಹೋಗಲೊಲ್ಲ.

"ಬೈತೀಯಾ ವವೋ?"

"ಇಲ್ಲ ಕಂದ. ಹೋಗು."

ಅವನು ನಂಬದೆ ಅಲ್ಲೇ ನಿಂತ. ಅವಳು ಹೊಸ್ತಿಲ ಮೇಲೇ ಕೂತು ಬೋಫಾಳಿಗೆ ಫೋನು ಮಾಡಿದಳು.

"ಬೀಗದ ಕೈ ಸಿಕ್ತು," ಎಂದಳು. ಆಮೇಲೆ, "ಕಳೆದೇ ಇರ್ಲಿಲ್ಲ ಮಗಳೇ. ಸುಳ್ಳು ಹೇಳ್ದೆ. ಜೈಲಿಗೆ ಹಾಕ್ತಾರಾ?"

"ಜೈಲಿಗೆ ಯಾರೂ ಹಾಕಲ್ಲಮ್ಮ. ಅಂಥಾದ್ದೇನಿದೆ ಕೆಳಗೆ?"

"ನಾನು ಬದುಕೋ ಜಾಗ."

ಮರುದಿನ ಬೋಫಾ ಬಂದು ಯಂತ್ರವನ್ನು ಕಟಕಟೆಗಿಟ್ಟಳು. ಅಂಕಿ ಎಷ್ಟು ಬಂತೆಂದರೆ ಅವಳು ಎರಡನೇ ಸಲ ಒತ್ತಿ ನೋಡಿದಳು. ಆಮೇಲೆ ಒಲೆಯ ಮೇಲಿನ ಪಾತ್ರೆ, ಗೋಡೆಯ ಮೇಲಿನ ಎರ್ಮೀನಿಯೊನ ಟೋಪಿ, ಸವೆದ ಮೇಜು ಎಲ್ಲ ನೋಡಿದಳು.

"ನಮ್ಮಮ್ಮ ಗ್ಯಾರೇಜಲ್ಲಿ ಅಡುಗೆ ಮಾಡ್ತಾಳೆ," ಎಂದಳು. "ಮನೆಯೊಳಗೆ ವಾಸನೆಯಾಗತ್ತಂತೆ. ಆದ್ರೆ ಅಮ್ಮಾ, ಅರ್ಜಿ ಇರೋವರೆಗೆ ನಾನು ಕಂಡಿದ್ದನ್ನ ಬರೀಲೇಬೇಕು. ಬಣ್ಣ ತೆಗ್ಸೋಕೆ ನೆರವು ಸಿಗತ್ತೆ. ಆ ದುಡ್ಡು ಬರ್ಬೇಕಂದ್ರೆ ಪರವಾನಗಿ ಇಲ್ಲದ ಒಲೆ ಹೋಗ್ಬೇಕು. ಅರ್ಜಿ ವಾಪಸ್ ತಗೊಂಡ್ರೆ ಒಲೆ ಉಳಿಯತ್ತೆ. ನಿಮ್ಮಿಷ್ಟ."

ಕೆಲಸ ಬಿಟ್ಟು ಓಡಿಬಂದಿದ್ದ ನಟಾಲಿಯಾ ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು. "ಒಲೆಗೋಸ್ಕರ ನನ್ ಮಗೂನ ಇಲ್ಲಿ ಕೂರಿಸ್ದೆಯಲ್ಲಮ್ಮ!"

ಒಲೆಗೋಸ್ಕರವೋ, ನಾಚಿಕೆಗೋಸ್ಕರವೋ, ಮಗು ಬೇಕೆಂಬ ಆಸೆಗೋಸ್ಕರವೋ, ಇವತ್ತಿಗೂ ದಿಯೊಲಿಂಡಾಳಿಗೆ ಬಿಡಿಸಿ ಹೇಳಲು ಬರುವುದಿಲ್ಲ. ಅವಳು ಗಂಡನ ಟೋಪಿಯನ್ನು ಮೊಳೆಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ಕಿತ್ಕೊಂಡು ಹೋಗ್ಲಿ," ಎಂದಳು.

ಫೆಬ್ರವರಿಯಲ್ಲಿ ಬಣ್ಣ ತೆಗೆಯುವ ಕೆಲಸದವರು ಬಿಳಿಯ ಮುಸುಕು ಹಾಕಿಕೊಂಡು ಬಂದರು. ಕಟಕಟೆ, ಮೆಟ್ಟಿಲು, ಕಿಟಕಿ ಎಲ್ಲ ಕಳಚಿ ಚೀಲ ಕಟ್ಟಿದರು. ಹತ್ತು ದಿನ ಅವಳು ಜುಲ್ಮೀರಾಳ ಮನೆಯಲ್ಲಿದ್ದಳು. ವಾಪಸು ಬಂದಾಗ ಕೆಳಗೆ ಹೊಸ ಮರದ ವಾಸನೆ, ಒಲೆಯಿದ್ದ ಕಡೆ ಒಂದು ಖಾಲಿ ಚೌಕ. ನಟಾಲಿಯಾ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಮಗುವಿನ ರಕ್ತದಲ್ಲಿ ಸೀಸ ಸ್ವಲ್ಪ ಇಳಿದಿದೆ ಎಂದು ಡಾಕ್ಟರು ಹೇಳಿದ ದಿನ ಅವನನ್ನು ತಂದು ಬಿಟ್ಟುಹೋದಳು. ಆದ ಹಾನಿ ಎಷ್ಟೆಂದು ಯಾರೂ ಹೇಳಲಾರರು.

ಆವತ್ತು ದಿಯೊಲಿಂಡಾ ಮೇಲಿನ ಒಲೆ ಹಚ್ಚಲು ಹೋದಳು. ಯಾವ ಗುಂಡಿ ಯಾವುದಕ್ಕೆ? ತನ್ನದೇ ಮನೆಯಲ್ಲಿ ಉಪ್ಪು ಎಲ್ಲಿಡಬೇಕೆಂದು ಗೊತ್ತಾಗದೆ ಒದ್ದಾಡಿದಳು. ಒಲೆಯ ಹೊಟ್ಟೆಯೊಳಗೆ, ಬಿಚ್ಚದ ಲಕೋಟೆಯಲ್ಲಿ, ಕೈಪಿಡಿ ಸಿಕ್ಕಿತು. ಅಂತೂ ಸಾರು ಕುದಿಯಿತು. ಒಂದು ಕುರ್ಚಿಯ ಪ್ಲಾಸ್ಟಿಕ್ಕನ್ನು ಕತ್ತರಿಯಿಂದ ಸೀಳಿ ಬ್ರೈಸ್‌ನನ್ನು ಕೂರಿಸಿ, ಅತ್ತೆಯ ಮೇಜುಬಟ್ಟೆಯ ಮೇಲೇ ಬಟ್ಟಲಿಟ್ಟಳು.

ಅವನು ಚಮಚ ಹಿಡಿದು ಬಾಗಿಲ ಕಡೆ ನೋಡುತ್ತ ಕೂತ.

"ತಿನ್ನು ಕಂದ, ಆರೋಗತ್ತೆ."

"ಯಾರ್ ಬರ್ತಾರೆ ವವೋ?"

"ನೀನು ಬಂದಾಯ್ತಲ್ಲೋ," ಎಂದು ಅವನ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದಳು.