ಸೊನ್ನೆ ನಂಬರಿನ ಸಿ.ಡಿ.

ಗೆಳೆಯರೇ, ನಾನು ಲೈಬ್ರೇರಿಯನ್ ಆಗಿರುವ ಚಾಮರಾಜಪೇಟೆಯ ಗ್ರಂಥಾಲಯದ ಕಂಪ್ಯೂಟರ್ ಇವತ್ತು ಬೆಳಿಗ್ಗೆ ಕೈಕೊಟ್ಟಿತು. ಸದಸ್ಯರ ಹೆಸರು, ಯಾರ ಬಳಿ ಯಾವ ಪುಸ್ತಕವಿದೆ ಎಂಬ ವಿವರ, ಎಲ್ಲವೂ ಮಾಯ. ಬ್ಯಾಕಪ್ ಸಿ.ಡಿ.ಗಳಿದ್ದವು, ಹಾಗಾಗಿ ನಾನು ಹೆದರಲಿಲ್ಲ. ಆದರೆ ಒಂದನೇ ನಂಬರಿನದನ್ನು ಹಾಕಿದೊಡನೆ ಕಂಪ್ಯೂಟರ್, ಮೊದಲು ಸೊನ್ನೆ ನಂಬರಿನದು ಬೇಕು ಎಂದು ಹಟ ಹಿಡಿಯಿತು. ಡಬ್ಬಿಯಲ್ಲಿ ಸೊನ್ನೆ ಇರಲೇ ಇಲ್ಲ.

ರಿಪೇರಿಗೆ ಬಂದಿದ್ದ ಇಂಜಿನಿಯರ್ ಕೈಚೆಲ್ಲಿದರು. "ಮೊದಲ್ನೇ ಸಿ.ಡಿ.ನೇ ಕಳೆದೋಗಿದೆ ಮೇಡಂ. ಎಲ್ಲಾ ಹೊಸದಾಗಿ ಟೈಪ್ ಮಾಡಿಸ್ಬೇಕು."

ನಾನು ಬಿಡುವವಳಲ್ಲ. ಸಿ.ಡಿ.ಗಳ ಮೇಲೆ ನಂಬರ್ ಬರೆದವರು ನಮ್ಮ ಹಿರಿಯ ಗುಮಾಸ್ತರಾದ ಮೂರ್ತಿಯವರು. ಅವರನ್ನೇ ಕೇಳಿದೆ. "ಒಂದಕ್ಕಿಂತ ಮುಂಚೆ ಏನಾದ್ರೂ ಬರೆದಿದ್ರಾ ಸಾರ್?"

"ಮೊದ್ಲು ಶ್ರೀ ಬರೀದೆ ಯಾರಾದ್ರೂ ಒಂದು ಬರೀತಾರೇನಮ್ಮ? ಶ್ರೀ ಅಂತ ಬರೆದಿರೋದು ದೇವರ ಪಟದ ಹತ್ರ ಇದೆ."

ಅರಿಶಿನ ಕುಂಕುಮ ಒರೆಸಿ ಅದನ್ನು ಹಾಕಿದೆ. ಮಧ್ಯಾಹ್ನದೊಳಗೆ ಎಲ್ಲ ವಿವರಗಳೂ ವಾಪಸ್ ಬಂದವು.

ಇನ್ನು ಮುಂದೆ ಯಾರಿಗೂ ಗೊಂದಲವಾಗಬಾರದೆಂದು ಬ್ಯಾಕಪ್ ಸೂಚನೆಗಳ ಹಾಳೆಯಲ್ಲಿ "ಶ್ರೀ ಎಂದರೆ ಸೊನ್ನೆ" ಎಂದು ಸೇರಿಸಿ, ಬ್ಯಾಕಪ್ ನೋಡಿಕೊಳ್ಳುವವರ ಸಹಿಗೆ ಕೊಟ್ಟೆ. ಮೂರ್ತಿಯವರು ಕೆರಳಿಬಿಟ್ಟರು. "ಶ್ರೀಕಾರಾನ ಸೊನ್ನೆ ಅಂತೀರಲ್ಲಮ್ಮ! ನಾನಿರೋವರೆಗೂ ಇದಕ್ಕೆ ಸಹಿ ಹಾಕಲ್ಲ."

ಆ ಸಾಲನ್ನು ಅಳಿಸಿ ಬೇರೆ ಬರೆದೆ: "ಕಂಪ್ಯೂಟರ್ ಸೊನ್ನೆ ಕೇಳಿದರೆ ಶ್ರೀ ಹಾಕಿ."

ಮೂರ್ತಿಯವರಿಗೆ ಸಮಾಧಾನವಾಯಿತು. ಹಾಳೆಯ ನೆತ್ತಿಯಲ್ಲಿ ನನ್ನ "ಪುಟ 1" ಅನ್ನು ಹೊಡೆದುಹಾಕಿ, ಅಲ್ಲಿ ಶ್ರೀ ಬರೆದು, ಸಹಿ ಹಾಕಿದರು.